ಬೆಳಿಗ್ಗೆ ಸೆಲ್ಫ್ ಎತ್ತದ ಟ್ರ್ಯಾಕ್ಟರ್: ಕೋಟ ಕಡೆಯ ಒಂದು ಪ್ರಕರಣ

ದೂರು

ಡಿಸೆಂಬರ್ ಎರಡನೇ ವಾರ, ಬೆಳಿಗ್ಗೆ ಏಳು ಗಂಟೆಗೆ ಫೋನ್ ಬಂತು. ಕೋಟದ ಹತ್ತಿರದ ಒಂದು ಮನೆಯಿಂದ. ಮಾತಾಡಿದವನು ಟ್ರ್ಯಾಕ್ಟರ್ ಓಡಿಸುವ ಹುಡುಗ, ಯಜಮಾನರ ತಂಗಿಯ ಮಗ.

"ಅಣ್ಣಾ, ಚಳಿಗೆ ಗಾಡಿ ಸ್ಟಾರ್ಟ್ ಆತಿಲ್ಲೆ. ಬಿಸ್ಲ್ ಬಂದ್ಮೇಲೆ ಸರಿ ಆತ್ತ್."

ಚಳಿ ಅಂದದ್ದಕ್ಕೆ ನನಗೆ ನಗು ಬಂತು. ನಮ್ಮ ಉಡುಪಿ ಕಡೆ ಬೆಳಗಿನ ಜಾವ 20, 21 ಡಿಗ್ರಿಗೆ ಇಳಿದರೆ ಅದೇ ದೊಡ್ಡ ಚಳಿ. ಮಧ್ಯಾಹ್ನ 32 ದಾಟಿ ಮತ್ತೆ ಬೆವರು. ಆ ಚಳಿಗೆ ಮನುಷ್ಯ ಒಂದು ಶಾಲು ಹೊದ್ದುಕೊಳ್ಳಬಹುದು, ಟ್ರ್ಯಾಕ್ಟರಿಗೆ ಏನಾಗಬೇಕು?

ನಾನು ಬ್ರಹ್ಮಾವರ ಕಡೆಯ ಆಟೋ ಎಲೆಕ್ಟ್ರಿಷಿಯನ್. ಟ್ರ್ಯಾಕ್ಟರು, ಟಿಲ್ಲರು, ಕಟಾವು ಯಂತ್ರ, ಒಮ್ಮೊಮ್ಮೆ ಮೀನಿನ ಲಾರಿ. ಈ ಕೆಲಸದಲ್ಲಿ ನಾನು ಒಂದು ಸಲ ತಪ್ಪಿದೆ. ಹಾಗಾಗಿಯೇ ಇದನ್ನು ಪೂರ್ತಿ ಬರೆಯುತ್ತಿದ್ದೇನೆ.

ಗಾಡಿ 27 ಎಚ್‌ಪಿಯ ಸಣ್ಣ ಟ್ರ್ಯಾಕ್ಟರು, ಹಿಂದೆ ಮಣ್ಣು ಪುಡಿ ಮಾಡುವ ರೋಟವೇಟರ್. ಮಳೆಗಾಲದ ಭತ್ತದ ಕೊಯ್ಲು ಮುಗಿದಿತ್ತು. ಮಣ್ಣಿನ ತೇವ ಆರುವ ಮೊದಲು ಉಳುಮೆ ಮಾಡಿ ನೆಲಗಡಲೆ, ಉದ್ದು ಬಿತ್ತಬೇಕು. ಬಾಡಿಗೆಗೆ ಕರೆದವರೆಲ್ಲ ಬೆಳಿಗ್ಗೆ ಏಳಕ್ಕೇ ಬಾ ಅನ್ನುತ್ತಾರೆ. ಈ ಗಾಡಿ ಏಳುತ್ತಿದ್ದದ್ದು ಒಂಬತ್ತೂವರೆಗೆ. ದಿನಕ್ಕೆ ಎರಡು, ಎರಡೂವರೆ ಗಂಟೆಯ ಬಾಡಿಗೆ ಹೋಯಿತು, ಜೊತೆಗೆ ಗದ್ದೆಯವರ ಮಾತು ಬೇರೆ.

ಫೋನಿನಲ್ಲೇ ಎರಡು ಪ್ರಶ್ನೆ ಕೇಳಿದೆ. ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡಿನ ಲೈಟು ಮಂಕಾಗುತ್ತದಾ? ಇಲ್ಲ, ಹಾಗೇ ಉರಿಯುತ್ತದೆ. ಸೆಲ್ಫಿನಿಂದ, ಅಂದರೆ ಇಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರಿನಿಂದ, ಟಕ ಟಕ ಸದ್ದು ಬರುತ್ತದಾ? ಇಲ್ಲ, ಒಂದು ಟಿಕ್ ಕೂಡ ಇಲ್ಲ.

ಇಷ್ಟರಲ್ಲೇ ಅರ್ಧ ವಿಷಯ ಗೊತ್ತಾಯಿತು. ಬ್ಯಾಟರಿ ಸೋತಿದ್ದರೆ ಸೆಲ್ಫ್ ಎಳೆಯಲು ನೋಡುತ್ತದೆ, ಲೈಟು ಕುಗ್ಗುತ್ತದೆ, ಸೊಲೆನಾಯ್ಡ್ (ಸೆಲ್ಫಿಗೆ ಜೋರು ಕರೆಂಟು ಬಿಡುವ ಸ್ವಿಚ್) ಟಕ ಟಕ ಅನ್ನುತ್ತದೆ. ಇಲ್ಲಿ ಯಾವುದೂ ಇಲ್ಲ. ಅಂದರೆ ಸೆಲ್ಫಿಗೆ 'ಏಳು' ಅನ್ನುವ ಮಾತೇ ತಲುಪುತ್ತಿಲ್ಲ. "ಬ್ಯಾಟರಿ ಅಲ್ಲ ಮಾರಾಯ, ಅದನ್ನು ಮುಟ್ಟಬೇಡಿ" ಅಂದೆ.

"ಹೊಸ್ತ್ ಹಾಕಿ ನಾಲ್ಕ್ ದಿನ ಆಯ್ತ್ ಅಣ್ಣಾ."

ಯಾರೋ ಆಗಲೇ ಮಾರಿಯಾಗಿತ್ತು. ಚಳಿಗೆ ಬ್ಯಾಟರಿ ಸೋಲುತ್ತದೆ ಅನ್ನುವುದು ಸುಳ್ಳಲ್ಲ. ಸೊನ್ನೆ ಡಿಗ್ರಿಗೆ ಇಳಿದರೆ ಸುಮಾರು ಐದರಲ್ಲಿ ಒಂದು ಪಾಲು ಶಕ್ತಿ ಕಮ್ಮಿ ಆಗುತ್ತದೆ. ಆದರೆ 20 ಡಿಗ್ರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ. ಬೇರೆ ಊರಿನ ಚಳಿಯ ಮಾತನ್ನು ನಮ್ಮ ಊರಿನ ಚಳಿಗೆ ಹೇಳಿ ಬ್ಯಾಟರಿ ದಾಟಿಸಿದ್ದರು, ಅಷ್ಟೇ.

ಈ ಗಾಡಿಯ ವೈರಿಂಗ್

ಮುಂದಿನದು ಅರ್ಥ ಆಗಬೇಕಾದರೆ ಇದನ್ನು ಸ್ವಲ್ಪ ಹೇಳಬೇಕು. ಕೀ ತಿರುಗಿಸಿದ ಕೂಡಲೇ ಕರೆಂಟು ನೇರ ಸೆಲ್ಫಿಗೆ ಹೋಗುವುದಿಲ್ಲ. ಬ್ಯಾಟರಿಯಿಂದ ಫ್ಯೂಸ್, ಅಲ್ಲಿಂದ ಕೀ ಸ್ವಿಚ್, ಅಲ್ಲಿಂದ ಕ್ಲಚ್ ಪೆಡಲಿನ ಹತ್ತಿರದ ಸೇಫ್ಟಿ ಸ್ವಿಚ್, ಆಮೇಲೆ ಗೇರಿನ ನ್ಯೂಟ್ರಲ್ ಸ್ವಿಚ್, ಕೊನೆಗೆ ಒಂದು ಸಣ್ಣ ರಿಲೇ, ಅಂದರೆ ಸಣ್ಣ ಕರೆಂಟು ಬಂದರೆ ಜೋರು ಕರೆಂಟನ್ನು ಬಿಡುವ ಸ್ವಿಚ್. ಆ ರಿಲೇ ಟಿಕ್ ಅಂದರೆ ಮಾತ್ರ ಸೆಲ್ಫಿನ ಸೊಲೆನಾಯ್ಡಿಗೆ ಜೋರು ಕರೆಂಟು ಹೋಗುತ್ತದೆ.

ಸೇಫ್ಟಿ ಸ್ವಿಚ್‌ಗಳ ಮೂಲಕ ಹರಿಯುವುದು ರಿಲೇ ಕಾಯಿಲಿನ ಕರೆಂಟು ಮಾತ್ರ. ಅದು ತೀರಾ ಸಣ್ಣದು, ಸುಮಾರು 0.15 ಆಂಪಿಯರ್.

ಕ್ಲಚ್ ಸ್ವಿಚ್ಚಿನಲ್ಲಿ ಎರಡು ಜಾತಿ. ಒಂದರಲ್ಲಿ ಪೆಡಲ್ ತುಳಿದಾಗ ಅದರ ತೋಳು ಬಂದು ಸ್ವಿಚ್ಚಿನ ಪಿನ್ನನ್ನು ಒತ್ತುತ್ತದೆ, ಆಗ ಕರೆಂಟು ಹರಿಯುತ್ತದೆ. ಇನ್ನೊಂದು ಇದಕ್ಕೆ ಉಲ್ಟಾ. ಪೆಡಲ್ ಮೇಲಿದ್ದಾಗ ಪಿನ್ನು ಒಳಗೆ ಒತ್ತಿಕೊಂಡಿರುತ್ತದೆ. ತುಳಿದರೆ ತೋಳು ದೂರ ಸರಿಯುತ್ತದೆ, ಪಿನ್ನು ತನ್ನ ಸ್ಪ್ರಿಂಗಿನ ಬಲದಲ್ಲಿ ಹೊರಗೆ ಬರುತ್ತದೆ, ಆಗ ಕರೆಂಟು. ಇವರ ಗಾಡಿಯಲ್ಲಿದ್ದದ್ದು ಎರಡನೇ ಜಾತಿ. ನಮ್ಮ ಕಾಲಿನ ಜೋರು ಆ ಪಿನ್ನಿಗೆ ಸಿಗುವುದಿಲ್ಲ. ಒಳಗಿನ ಬಡಪಾಯಿ ಸ್ಪ್ರಿಂಗೇ ಎಲ್ಲ ಕೆಲಸ ಮಾಡಬೇಕು.

ಮೊದಲ ಸಲ

ಮಾಬುಕಳ ಸೇತುವೆ ದಾಟಿ ಅವರ ಮನೆ ಮುಟ್ಟುವಾಗ ಹನ್ನೊಂದೂವರೆ. ಬೆಳಿಗ್ಗೆ ಬೇರೆ ಕೆಲಸ ಇತ್ತು. ಇದೇ ನನ್ನ ಮೊದಲ ತಪ್ಪು. ಹುಡುಗ ಕೀ ತಿರುಗಿಸಿದ, ಗಾಡಿ ಒಂದೇ ಏಟಿಗೆ ಸ್ಟಾರ್ಟ್. ಡಾಕ್ಟರ ಹತ್ತಿರ ಹೋದ ಕೂಡಲೇ ಜ್ವರ ಬಿಡುತ್ತದಲ್ಲ, ಹಾಗೆ.

ಹುಡುಗ ಮೊಬೈಲ್ ತಂದು ಒಂದು ವಿಡಿಯೋ ತೋರಿಸಿದ. ಹಿಮ ಬೀಳುವ ಯಾವುದೋ ದೇಶ. ದಪ್ಪ ಕೋಟು ಹಾಕಿದವನೊಬ್ಬ ಟ್ರ್ಯಾಕ್ಟರಿನ ಸ್ವಿಚ್ಚಿಗೆ ಬಿಸಿ ಗಾಳಿ ಊದುತ್ತಿದ್ದಾನೆ. ಅಲ್ಲಿ ಸ್ವಿಚ್ಚಿನೊಳಗೆ ನೀರಿನ ಪಸೆ ಹೊಕ್ಕರೆ ರಾತ್ರಿ ಮಂಜುಗಡ್ಡೆ ಆಗಿ ಪಿನ್ನನ್ನು ಹಿಡಿದುಬಿಡುತ್ತದೆ. ಗ್ರೀಸೂ ಮೇಣದ ಹಾಗೆ ಗಟ್ಟಿಯಾಗುತ್ತದೆ.

"ಇಲ್ಲಿ ಎಂಥ ಹೆಪ್ಪುಗಟ್ಟುತ್ತದೆ ಮಾರಾಯ? ಸುಮ್ನೆ ಅದನ್ನು ಒಳಗಿಡು" ಅಂದೆ.

ಆ ಮಾತನ್ನು ಈಗಲೂ ನೆನೆಸಿಕೊಳ್ಳುತ್ತೇನೆ.

ನನ್ನ ತಲೆಯಲ್ಲಿ ಇದ್ದದ್ದು ಉಪ್ಪು ಗಾಳಿ. ಆ ಮನೆಗೆ ಕಡಲು ಹತ್ತಿರ, ರಾತ್ರಿ ಅಲೆಯ ಸದ್ದು ಕೇಳಿಸುತ್ತದೆ. ಕರಾವಳಿಯಲ್ಲಿ ವೈರಿಂಗ್ ಕೆಲಸ ಮಾಡುವವರಿಗೆಲ್ಲ ಗೊತ್ತು, ಅರ್ಧದಷ್ಟು ರೋಗಕ್ಕೆ ಉಪ್ಪೇ ಕಾರಣ. ಗಾಳಿಯ ತೇವ ನೂರಕ್ಕೆ 75 ದಾಟಿದರೆ ಉಪ್ಪು ತಾನೇ ನೀರು ಹೀರಿಕೊಂಡು ಕರಗಿ ಪಸೆಯಾಗುತ್ತದೆ. ನಮ್ಮ ಬೆಳಗ್ಗೆಗಳಲ್ಲಿ ತೇವ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಮಧ್ಯಾಹ್ನ ಒಣಗುತ್ತದೆ. ಬೆಳಿಗ್ಗೆ ಕೆಡುವುದು, ಬಿಸಿಲಿಗೆ ಸರಿಯಾಗುವುದು, ಈ ಕತೆಗೆ ಉಪ್ಪು ಚೆನ್ನಾಗಿ ಹೊಂದುತ್ತಿತ್ತು. ಬರುವ ದಾರಿಯಲ್ಲೇ ತೀರ್ಪು ಬರೆದುಕೊಂಡು ಬಂದಿದ್ದೆ ಅನ್ನಿ.

ಕ್ಲಚ್ ಸ್ವಿಚ್ಚಿನ ಕಪ್ಲರ್, ಅಂದರೆ ವೈರು ಸೇರುವ ಜೋಡಣೆ, ಬಿಚ್ಚಿದೆ. ಒಳಗೆ ಹಸಿರು ಕಿಲುಬು. ತೀರ್ಪಿಗೆ ಸಾಕ್ಷಿಯೂ ಸಿಕ್ಕಿತಲ್ಲ!

ಮೀಟರಿನಲ್ಲಿ ಕಂಟಿನ್ಯೂಟಿ (ಕರೆಂಟಿಗೆ ದಾರಿ ಇದೆಯಾ ಅಂತ) ನೋಡಿದರೆ ಬೀಪ್ ಅಂತು. ಬೀಪ್ ಬಂದರೆ ಸ್ವಿಚ್ ಒಳ್ಳೆಯದು ಅಂತ ನಂಬಬೇಡಿ. ಎಷ್ಟೋ ಮೀಟರುಗಳು 30, 50 ಓಮ್ ಅಡ್ಡಿ ಇದ್ದರೂ ಬೀಪ್ ಅನ್ನುತ್ತವೆ. ಹಾಗಾಗಿ ಕೀಯನ್ನು ಸ್ಟಾರ್ಟ್‌ನಲ್ಲಿ ಹಿಡಿದು, ಕರೆಂಟು ಹರಿಯುವಾಗಲೇ ಕಪ್ಲರಿನ ಆಚೆ ಈಚೆ ವೋಲ್ಟ್ ಅಳೆದೆ. ಅದಕ್ಕೂ ಮೊದಲು ಸೊಲೆನಾಯ್ಡಿನ ಸಣ್ಣ ವೈರನ್ನು ಕಳಚಿ ಇಟ್ಟಿದ್ದೆ. ಇಲ್ಲದಿದ್ದರೆ ಅಳೆಯುವ ಹೊತ್ತಿಗೆ ಇಂಜಿನ್ ತಿರುಗಿಬಿಡುತ್ತದೆ. ಕಪ್ಲರಿನಲ್ಲಿ 1.6 ವೋಲ್ಟ್ ನಷ್ಟ ಆಗುತ್ತಿತ್ತು.

ಉಜ್ಜಿದೆ, ಕ್ಲೀನರ್ ಹೊಡೆದೆ, ಒಳಗಿನ ಟರ್ಮಿನಲ್ ಸ್ವಲ್ಪ ಬಿಗಿ ಮಾಡಿದೆ. ನಷ್ಟ 0.1 ವೋಲ್ಟಿಗೆ ಇಳಿಯಿತು. ಯಜಮಾನರ ಅಮ್ಮ ಕೊಟ್ಟ ಚಹಾ ಕುಡಿದು, ದುಡ್ಡು ತಗೊಂಡು ಹೊರಟೆ.

ಒಂದು ಲೆಕ್ಕ ಹಾಕಬೇಕಿತ್ತು, ಹಾಕಲಿಲ್ಲ. ಬ್ಯಾಟರಿ ಕಡೆಯಿಂದ ಬರುವುದು 12.4 ವೋಲ್ಟ್. 1.6 ಹೋದರೆ ರಿಲೇಗೆ 10.8 ಉಳಿಯುತ್ತದೆ. ಇಂಥ ರಿಲೇ ಏಳೆಂಟು ವೋಲ್ಟಿಗೇ ಎಳೆಯುತ್ತದೆ. ಹಾಗಾದರೆ ಆ ಹಸಿರು ಇದ್ದಾಗಲೂ ಅದು ಟಿಕ್ ಅನ್ನಬೇಕಿತ್ತು. ನಾನು ಕಂಡದ್ದು ಒಂದು ತೊಂದರೆ ಹೌದು. ಅವರು ಹೇಳಿದ ತೊಂದರೆ ಅದಲ್ಲ.

ಇನ್ನೊಂದು ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೊರಡುವಾಗ ಹುಡುಗ ಹೇಳಿದ್ದ: "ಮೊನ್ನೆ ಒಂದ್ ದಿನ ಮೋಡ ಇತ್ತ್ ಅಣ್ಣಾ. ಅವತ್ತ್ ಬೆಳಿಗ್ಗೆ ಆರಕ್ಕೇ ಸ್ಟಾರ್ಟ್ ಆಯ್ತ್." ಮೋಡ ಇದ್ದ ದಿನವೂ ನಮ್ಮಲ್ಲಿ ತೇವಕ್ಕೆ ಏನೂ ಕಮ್ಮಿ ಇಲ್ಲ ಅಲ್ವಾ? ಉಪ್ಪಿನ ಕತೆ ನಿಜವಾಗಿದ್ದರೆ ಅವತ್ತೂ ಕೆಡಬೇಕಿತ್ತು. ಹ್ಞೂಂ ಅಂದು ಬೈಕ್ ಹತ್ತಿದೆ.

ನಡುವೆ ಆದದ್ದು

ಮೂರು ದಿನ ಬಿಟ್ಟು ಮತ್ತೆ ಫೋನ್. ಮರುದಿನ ಬೆಳಿಗ್ಗೆಯೇ ಅದೇ ಹಾಡು ಅಂತೆ. ನನಗೆ ಹೇಳಲು ಸಂಕೋಚ ಆಗಿ ಯಾರನ್ನೋ ಕರೆಸಿದ್ದರು. ಬಂದವನು ಕ್ಲಚ್ ಸ್ವಿಚ್ಚಿನ ಎರಡು ವೈರನ್ನು ಸುಲಿದು ಸೇರಿಸಿ ಟೇಪ್ ಸುತ್ತಿ ಹೋಗಿದ್ದ. ನಮ್ಮ ಭಾಷೆಯಲ್ಲಿ 'ಡೈರೆಕ್ಟ್' ಮಾಡುವುದು. ಗಾಡಿ ಈಗ ಯಾವಾಗ ಬೇಕಾದರೂ ಸ್ಟಾರ್ಟ್. ಫೋನ್ ಮಾಡಿದ್ದು ದೂರಲಿಕ್ಕಲ್ಲ. ಹಾಗೆ ಬಿಟ್ಟರೆ ಅಡ್ಡಿಲ್ಲವಾ ಅಂತ ಕೇಳಲಿಕ್ಕೆ. ಅಷ್ಟು ಕೇಳಿದ್ದು ಹುಡುಗನ ಒಳ್ಳೆಯ ಬುದ್ಧಿ.

ಸಂಜೆಯೇ ಹೋದೆ. ಟ್ರ್ಯಾಕ್ಟರು ಅಂಗಳದ ಬದಿಯ ಮಾಡಿನ ಕೆಳಗೆ ನಿಂತಿತ್ತು, ಮೂತಿ ಮನೆಯ ಕಡೆಗೆ. ಮೂತಿಯಿಂದ ಜಗಲಿಗೆ ಹತ್ತು ಹೆಜ್ಜೆ ಇರಬಹುದು. ಜಗಲಿಯಲ್ಲಿ ಯಜಮಾನರ ಅಮ್ಮ ಕಾಲು ನೀಡಿ ಕೂತು ಹೂ ಕಟ್ಟುತ್ತಿದ್ದರು.

"ಊರಲ್ಲೆಲ್ಲ ಹೀಂಗೇ ಓಡ್ಸುದ್ ಅಲ್ದಾ?" ಅಂದರು ಯಜಮಾನರು.

ಹೌದು, ಓಡಿಸುತ್ತಾರೆ. ನಾನು ವಾದ ಮಾಡಲಿಲ್ಲ. ಹುಡುಗನನ್ನು ಸೀಟಿನಲ್ಲಿ ಕೂರಿಸಿದೆ. ಸೊಲೆನಾಯ್ಡಿನ ವೈರು ಕಳಚಿದೆ, ಅದರ ತುದಿಗೆ ಟೆಸ್ಟ್ ಲ್ಯಾಂಪ್ ಕಟ್ಟಿದೆ. ಗೇರ್ ನ್ಯೂಟ್ರಲ್‌ನಲ್ಲಿ ಇಟ್ಟು, ಕ್ಲಚ್ ಮುಟ್ಟದೆ ಕೀ ತಿರುಗಿಸು ಅಂದೆ. ಲ್ಯಾಂಪ್ ಹತ್ತಿತು. ಡೈರೆಕ್ಟ್ ಮಾಡಿದ ಮೇಲೆ ಅಷ್ಟು ನಿರೀಕ್ಷೆಯೇ. ಆಮೇಲೆ ಒಂದನೇ ಗೇರ್ ಹಾಕಿಸಿ ತಿರುಗಿಸು ಅಂದೆ. ಆಗಲೂ ಹತ್ತಿತು! ನ್ಯೂಟ್ರಲ್ ಸ್ವಿಚ್ ಇದೆಯಲ್ಲ, ಅದು ತಡೆಯಬೇಕಿತ್ತು. ಬಗ್ಗಿ ನೋಡಿದರೆ ಅದನ್ನು ಯಾರೋ ಯಾವ ಕಾಲದಲ್ಲೋ ಡೈರೆಕ್ಟ್ ಮಾಡಿದ್ದರು. ಟೇಪಿನ ಮೇಲೆ ಎರಡು ಮಳೆಗಾಲದ ಕೆಸರು ಇತ್ತು. ಮೊದಲ ಸಲ ಬಂದಾಗ ನಾನು ಇದನ್ನು ನೋಡಿಯೇ ಇರಲಿಲ್ಲ.

"ಈ ಲೈಟಿನ ಜಾಗದಲ್ಲಿ ಸೆಲ್ಫ್ ಇದ್ದಿದ್ದರೆ ಗಾಡಿ ಎಲ್ಲಿಗೆ ಹೋಗುತ್ತಿತ್ತು?" ಅಂತ ಕೇಳಿದೆ. ಯಜಮಾನರು ಜಗಲಿಯ ಕಡೆ ನೋಡಿದರು. ಮತ್ತೆ ಆ ಮಾತು ಬರಲಿಲ್ಲ.

ಇದಕ್ಕಿಂತ ಕೆಟ್ಟದ್ದು ಕೆಳಗೆ ನಿಂತು ಸ್ಕ್ರೂಡ್ರೈವರಿನಿಂದ ಸೆಲ್ಫಿನ ಎರಡು ತುದಿ ತಾಗಿಸಿ ಸ್ಟಾರ್ಟ್ ಮಾಡುವುದು. ಹಾಗೆ ಮಾಡುವವನು ನಿಲ್ಲುವ ಜಾಗ ಯಾವುದು? ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ. ಗೇರಿನಲ್ಲಿದ್ದರೆ ಡೀಸೆಲ್ ಇಂಜಿನ್ ಒಂದೆರಡು ಸುತ್ತಿಗೆ ಹತ್ತಿಕೊಳ್ಳುತ್ತದೆ, ಹಿಂದಿನ ದೊಡ್ಡ ಚಕ್ರ ಅವನ ಮೇಲೆಯೇ ಬರುತ್ತದೆ. ಓಡಲು ಹೊತ್ತು ಸಿಗುವುದಿಲ್ಲ.

ಎರಡೂ ಡೈರೆಕ್ಟ್ ಬಿಚ್ಚಿ ವೈರನ್ನು ಮೊದಲಿನ ಹಾಗೆ ಜೋಡಿಸಿದೆ. "ರಾತ್ರಿ ಗಾಡಿ ಇಲ್ಲೇ ಇರಲಿ. ಬೆಳಿಗ್ಗೆ ನಾನು ಬರುವವರೆಗೆ ಕೀ ಮುಟ್ಟಬೇಡಿ" ಅಂದು ಬಂದೆ.

ಎರಡನೇ ಸಲ, ಬೆಳಿಗ್ಗೆ ಆರೂ ಹತ್ತು

ಇನ್ನೂ ಕತ್ತಲು. ಗಾಡಿಯ ಮೂತಿ ಮಾಡಿನಿಂದ ಸ್ವಲ್ಪ ಹೊರಗಿತ್ತು. ಬಾನೆಟ್ಟಿನ ಮೇಲೆ ಕೈ ಎಳೆದರೆ ಅಂಗೈ ಪೂರ್ತಿ ಇಬ್ಬನಿ. ಮೀಟರಿನ ಟೆಂಪರೇಚರ್ ವೈರನ್ನು ಕ್ಲಚ್ಚಿನ ಬ್ರಾಕೆಟ್ಟಿಗೆ ಒತ್ತಿ ಹಿಡಿದೆ, 19 ಡಿಗ್ರಿ. ರಾತ್ರಿ ಆಕಾಶ ತಿಳಿಯಾಗಿದ್ದರೆ ಬಯಲಿನಲ್ಲಿರುವ ಕಬ್ಬಿಣ ಗಾಳಿಗಿಂತ ಒಂದೆರಡು ಡಿಗ್ರಿ ಜಾಸ್ತಿ ತಣ್ಣಗಾಗುತ್ತದೆ. ಇಬ್ಬನಿ ಬೀಳುವುದೇ ಅದಕ್ಕೆ.

ಸೊಲೆನಾಯ್ಡಿನ ವೈರು ಕಳಚಿ, ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್ ನೋಡಿಕೊಂಡು, ಹುಡುಗನಿಗೆ ಕ್ಲಚ್ ಪೂರ್ತಿ ತುಳಿದು ಕೀ ಹಿಡಿದುಕೊಳ್ಳಲು ಹೇಳಿದೆ. ರಿಲೇ ಟಿಕ್ ಅನ್ನಲಿಲ್ಲ. ಸಂತೋಷ ಆಯಿತು. ಕೆಟ್ಟದ್ದು ಕಣ್ಣೆದುರು ಕೆಟ್ಟೇ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಬ್ಯಾಟರಿ 12.6. ಕೀ ಸ್ವಿಚ್ಚಿನಿಂದ ಹೊರಬರುವಲ್ಲಿ 12.5. ಕ್ಲಚ್ ಸ್ವಿಚ್ಚಿನ ಈಚೆ 12.5. ಆಚೆ ಸೊನ್ನೆ.

1.6 ನಷ್ಟ ಅಲ್ಲ, ಪೂರ್ತಿ ಸೊನ್ನೆ. ಸ್ವಿಚ್ ಒಳಗೆ ಸೇರುತ್ತಲೇ ಇಲ್ಲ.

ಟಾರ್ಚ್ ಹಿಡಿದು ಮಲಗಿ ನೋಡಿದೆ. ಪೆಡಲಿನ ತೋಳು ಸ್ವಿಚ್ಚಿನಿಂದ ಎರಡು ಬೆರಳು ದೂರ ಇದೆ. ಪಿನ್ನು ಹೊರಗೆ ಬಂದಿರಬೇಕು. ಬಂದಿಲ್ಲ. ಒಳಗೇ ಹುದುಗಿ ಕೂತಿದೆ. ಸ್ಪ್ರಿಂಗ್ ತುಂಡಾಗಿದೆ ಅಂದುಕೊಂಡೆ. ಆದರೆ ತುಂಡಾದ ಸ್ಪ್ರಿಂಗ್ ಹತ್ತು ಗಂಟೆಗೆ ಹೇಗೆ ಕೂಡಿಕೊಳ್ಳುತ್ತದೆ?

ಹೀಗೆ ಮಲಗಿದ್ದಾಗ ಜಗಲಿಯಲ್ಲಿ ಸದ್ದು ಕೇಳಿತು. ಅಮ್ಮ ಕೋಲೂರಿಕೊಂಡು ಬಂದು, ಬಿಸಿಲು ಮೊದಲು ಬೀಳುವ ಕಟ್ಟೆಯ ಮೂಲೆಯಲ್ಲಿ ಒಂದು ಬಾಟ್ಲಿ ಇಟ್ಟರು. ಎಂಥದು ಅಂತ ಸುಮ್ನೆ ಕೇಳಿದೆ.

"ಚಳಿಗೆ ಎಣ್ಣಿ ಗಟ್ಟಿ ಆಯ್ತ್ ಮಗಾ, ಬಿಸ್ಲಿಗ್ ಇಡುಕೆ ತಂದೆ."

ತೆಂಗಿನೆಣ್ಣೆ. ಬೆಳ್ಳಗೆ, ತುಪ್ಪದ ಹಾಗೆ ಕಟ್ಟಿತ್ತು.

ಒಂದು ಕ್ಷಣ ಸುಮ್ಮನಾದೆ. ಆಮೇಲೆ ಸ್ವಿಚ್ಚಿನ ಪಿನ್ನನ್ನು ಮುಚ್ಚುವ ರಬ್ಬರ್ ಬೂಟಿನ ಅಂಚಿಗೆ ಉಗುರು ಹಾಕಿ ಕೆರೆದೆ. ಉಗುರಿನ ಸಂದಿಯಲ್ಲಿ ಬೂದು ಬಣ್ಣದ ಮೇಣದಂಥದ್ದು ಬಂತು, ಧೂಳು ಬೆರೆತದ್ದು. ಎರಡು ಬೆರಳಿನಲ್ಲಿ ತಿಕ್ಕಿದೆ, ಕರಗಿ ಎಣ್ಣೆಯಾಯಿತು. ಮೂಗಿಗೆ ಹಿಡಿದೆ. ಹಳೇ ಕೊಬ್ಬರಿಯ ಕಮಟು ವಾಸನೆ.

ಹುಡುಗನ ಮುಖ ನೋಡಿದೆ. "ಇದಕ್ಕೆ ಎಣ್ಣೆ ಹಚ್ಚಿದ್ದೀಯಾ?"

"ಹೌದಣ್ಣಾ. ಅಕ್ಟೋಬರದಲ್ಲಿ. ಕೆಸರು ಹಿಡ್ದ್ ಪಿನ್ ಬಿಗಿ ಆಯಿತ್. ಅಜ್ಜಿ ಬಾಟ್ಲಿದ್ ನಾಲ್ಕ್ ಹನಿ ಬಿಟ್ಟೆ. ಭಾರಿ ಲಾಯ್ಕ್ ಆಯ್ತ್. ಮತ್ತೂ ಎರಡ್ ಸಲ ಬಿಟ್ಟೆ."

"ಮೊದಲ ದಿನ ಯಾಕೆ ಹೇಳಲಿಲ್ಲ?"

"ವೈರ್ ಮುಟ್ಟಿದ್ಯಾ ಅಂದ್ ಕೇಂಡಿದ್ರಿ. ವೈರ್ ಮುಟ್ಟಲಿಲ್ಲೆ ಅಲ್ದಾ."

ಅವನು ಹೇಳಿದ್ದು ಸರಿಯೇ. ನಾನು ಕೇಳಿದ್ದು ಅಷ್ಟೇ.

ಮುಷ್ಟಿಯಲ್ಲಿ ಎರಡು ನಿಮಿಷ

ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಗಟ್ಟಿಯಾಗುತ್ತದೆ. ನಮ್ಮಲ್ಲಿ ಚಳಿಗಾಲ ಬಿಟ್ಟರೆ ರಾತ್ರಿಯೂ ಎಣ್ಣೆ ಕಟ್ಟುವಷ್ಟು ತಣ್ಣಗಾಗುವುದು ಕಮ್ಮಿ. ಹಾಗಾಗಿ ಅಕ್ಟೋಬರ್, ನವೆಂಬರ್ ಎರಡೂ ತಿಂಗಳು ಆ ಎಣ್ಣೆ ಒಳ್ಳೆಯ ಕೆಲಸವನ್ನೇ ಮಾಡಿತ್ತು. ಡಿಸೆಂಬರಿನ ತಿಳಿ ಆಕಾಶ ಬಂತು, ಬೆಳಗಿನ ಜಾವ 19, 20 ಆಯಿತು, ಪಿನ್ನಿನ ಸುತ್ತಲಿನ ಎಣ್ಣೆ ಮೇಣವಾಯಿತು. ರಾತ್ರಿ ಇಡೀ ಪೆಡಲ್ ಮೇಲಿರುವುದರಿಂದ ಪಿನ್ನು ಒಳಗೆ ಒತ್ತಿಕೊಂಡೇ ಇರುತ್ತದೆ. ಅದೇ ಸ್ಥಿತಿಯಲ್ಲಿ ಎಣ್ಣೆ ಹೆಪ್ಪುಗಟ್ಟಿ ಹಿಡಿದುಕೊಳ್ಳುತ್ತದೆ. ಬೆಳಿಗ್ಗೆ ಪೆಡಲ್ ತುಳಿದರೆ ತೋಳು ಸರಿಯುತ್ತದೆ, ಪಿನ್ನು ಬರುವುದಿಲ್ಲ.

ಕತೆ ಈ ಸಲವೂ ಚೆನ್ನಾಗಿ ಹೊಂದುತ್ತಿತ್ತು. ಒಮ್ಮೆ ಹೊಂದಿದ್ದಕ್ಕೇ ಮೋಸ ಹೋಗಿದ್ದೆನಲ್ಲ, ಹಾಗಾಗಿ ಪರೀಕ್ಷೆ ಮಾಡಿದೆ. ಕೀ ತೆಗೆದು, ಸ್ವಿಚ್ಚನ್ನು ಬಿಚ್ಚಿ ಕೈಗೆ ತಗೊಂಡೆ. ಪಿನ್ನು ಒಳಗೇ ಇತ್ತು. ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ಮೈಯ ಬಿಸಿ ಸಾಕಲ್ಲ. ಎರಡು ನಿಮಿಷ ಆಗುವಷ್ಟರಲ್ಲಿ ಅಂಗೈಯೊಳಗೆ ಏನೋ ಮೆಲ್ಲಗೆ ತಳ್ಳಿದ ಹಾಗಾಯಿತು, ಮರಿ ಕೋಳಿ ಕೊಕ್ಕಿನಿಂದ ಒತ್ತಿದ ಹಾಗೆ. ಕೈ ಬಿಚ್ಚಿದರೆ ಪಿನ್ನು ಹೊರಗೆ. ಮೀಟರ್ ಬೀಪ್.

ಆಮೇಲೆ ಪಿನ್ನನ್ನು ಒತ್ತಿ ರಬ್ಬರ್ ಬ್ಯಾಂಡ್ ಹಾಕಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಡುಗೆ ಮನೆಯ ಫ್ರಿಜ್ಜಿನ ಬಾಗಿಲಲ್ಲಿ ಇಡಿಸಿದೆ. ಅರ್ಧ ಗಂಟೆ ಬಿಟ್ಟು ತೆಗೆದು ಬ್ಯಾಂಡ್ ಬಿಚ್ಚಿದರೆ ಪಿನ್ನು ಅಲ್ಲಾಡಲಿಲ್ಲ. ಮತ್ತೆ ಮುಷ್ಟಿ, ಮತ್ತೆ ಹೊರಗೆ. ಹುಡುಗ ಮೂರು ಸಲ ಮಾಡಿ ನೋಡಿದ. ಯಜಮಾನರೂ ಒಂದು ಸಲ ಹಿಡಿದು ನೋಡಿದರು.

ಮೋಡದ ದಿನದ ಒಗಟೂ ಬಿಡಿಸಿತು. ಮೋಡ ಇದ್ದ ರಾತ್ರಿ ನೆಲದ ಬಿಸಿ ಮೇಲೆ ಹೋಗುವುದಿಲ್ಲ, ಬೆಳಗಿನವರೆಗೂ ಸೆಖೆ ಉಳಿಯುತ್ತದೆ. ಎಣ್ಣೆ ಕಟ್ಟುವುದಿಲ್ಲ. ತೇವ ಅಲ್ಲ ಕಾರಣ, ಬಿಸಿ ಅಂತ ಅವನ ಆ ಒಂದೇ ಮಾತು ಮೊದಲ ದಿನವೇ ಹೇಳಿತ್ತು.

ಕಪ್ಲರಿನ ಹಸಿರಿನ ಬಗ್ಗೆಯೂ ಹೇಳಬೇಕು. ಉಪ್ಪು ಗಾಳಿಗೆ ತಾಮ್ರ ಹಸಿರಾದರೆ ಅದು ಒಣ ಪುಡಿ, ಬ್ರಶ್ ಹಾಕಿದರೆ ಉದುರುತ್ತದೆ. ಇಲ್ಲಿ ನಾನು ಉಜ್ಜಿದಾಗ ಬ್ರಶ್ಶಿಗೆ ಅಂಟಿಕೊಂಡಿತ್ತು, ಜಿಡ್ಡು ಜಿಡ್ಡಾಗಿ. ಎಣ್ಣೆ ಹಳೆಯದಾದರೆ ಅದರ ಹುಳಿ ತಾಮ್ರದ ಜೊತೆ ಸೇರಿ ಇಂಥದೇ ಹಸಿರು ಮೇಣ ಮಾಡುತ್ತದೆ. ಪಿನ್ನಿಗೆ ಬಿಟ್ಟ ಎಣ್ಣೆ ವೈರಿನ ಗುಂಟ ಇಳಿದು ಕಪ್ಲರಿಗೂ ಸೇರಿತ್ತು. ಬ್ರಶ್ ತೊಳೆಯುವಾಗ ಜಿಡ್ಡು ಯಾಕೆ ಅಂತ ಒಂದು ಸಲ ಅನ್ನಿಸಿತ್ತು ಕೂಡ. ಗ್ರೀಸ್ ಇರಬೇಕು ಅಂದುಕೊಂಡು ಬಿಟ್ಟೆ.

ರಿಪೇರಿ

ಇದು ಹೆಚ್ಚು ಹೇಳುವಂಥದ್ದಲ್ಲ. ಹಳೇ ಸ್ವಿಚ್ಚಿಗೆ ಅವತ್ತು ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಪಿನ್ನು ಆಡಿಸಿ, ಮತ್ತೆ ಹೊಡೆದು, ಒಣಗಿಸಿ ಹಾಕಿದೆ. ಎರಡು ದಿನಕ್ಕೆ ಸಾಕಿತ್ತು. ಆದರೆ ರಬ್ಬರ್ ಬೂಟು ಎಣ್ಣೆ ಕುಡಿದು ಉಬ್ಬಿತ್ತು, ಒಳಗಿನದ್ದನ್ನು ಪೂರ್ತಿ ತೊಳೆಯಲಿಕ್ಕೂ ಆಗುವುದಿಲ್ಲ. ಉಡುಪಿಯಿಂದ ಹೊಸ ಸ್ವಿಚ್ ತರಿಸಿ ಹಾಕಿದೆ. ಹೊಸ ಬ್ಯಾಟರಿಯ ಹತ್ತರಲ್ಲಿ ಒಂದು ಪಾಲೂ ಬೆಲೆ ಇಲ್ಲ ಅದಕ್ಕೆ. ಪೆಟ್ರೋಲಿನಲ್ಲಿ ತೊಳೆಯಬಹುದಲ್ಲ ಅಂತ ಹುಡುಗ ಕೇಳಿದ. ಪೆಟ್ರೋಲು ರಬ್ಬರನ್ನೂ ಕೆಲವು ಪ್ಲಾಸ್ಟಿಕ್ಕನ್ನೂ ತಿನ್ನುತ್ತದೆ. ಕಿಡಿ ಹಾರುವ ಜಾಗದಲ್ಲಿ ಅದು ಬೇಡವೇ ಬೇಡ.

ವೈರನ್ನು ಹಸಿರು ಮುಗಿದು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿದೆ. ಒಂದೂವರೆ ಇಂಚು ಹೋಯಿತು. ಹೊಸ ಟರ್ಮಿನಲ್ ಒತ್ತಿ, ಮೇಲೆ ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ ಹಾಕಿದೆ. ಕಪ್ಲರ್ ಕೆಳಮುಖ ಮಾಡಿ ಕಟ್ಟಿದೆ, ನೀರು ಬಂದರೆ ಇಳಿದು ಹೋಗಲಿ ಅಂತ. ಪೆಡಲಿನ ಕೀಲಿಗೆ ಗ್ರೀಸ್. ಸ್ವಿಚ್ಚಿನ ಪಿನ್ನಿಗೆ ಏನೂ ಇಲ್ಲ. ಬೂಟಿನ ಹೊರಗಡೆ ಮಾತ್ರ ಬೆರಳ ತುದಿಯಷ್ಟು ಸಿಲಿಕಾನ್ ಗ್ರೀಸ್ ಸವರಿದೆ, ಕೆಸರು ಅಂಟದಿರಲಿ ಅಂತ.

ಹೊಸ ಸ್ವಿಚ್ಚನ್ನು ಬ್ರಾಕೆಟ್ಟಿನಲ್ಲಿ ಕೂರಿಸುವಾಗ ಲಾಕ್ ನಟ್ ಎಲ್ಲಿ ಬಿಗಿಯಬೇಕು ಅನ್ನುವುದನ್ನು ನೋಡಿಕೊಳ್ಳಬೇಕು. ತುಂಬ ಹಿಂದೆ ಕೂತರೆ ಪೆಡಲ್ ಸ್ವಲ್ಪ ಅಲ್ಲಾಡಿದರೂ ಸೆಲ್ಫ್ ಎತ್ತುತ್ತದೆ. ಆಗ ಸ್ವಿಚ್ ಇದ್ದೂ ಇಲ್ಲದ ಹಾಗೆ. ಪೆಡಲ್ ಮುಕ್ಕಾಲು ಪಾಲು ಇಳಿದ ಮೇಲೆ ಮಾತ್ರ ಮೀಟರ್ ಬೀಪ್ ಅನ್ನುವ ಹಾಗೆ ಹೊಂದಿಸಿದೆ. ನ್ಯೂಟ್ರಲ್ ಸ್ವಿಚ್ ಕೆಟ್ಟೇ ಇರಲಿಲ್ಲ. ಅದರ ಒಂದು ಟರ್ಮಿನಲ್ ಸಡಿಲ ಆಗಿತ್ತು. ಅಷ್ಟಕ್ಕೇ ಯಾರೋ ಡೈರೆಕ್ಟ್ ಮಾಡಿ ಕೈತೊಳೆದುಕೊಂಡಿದ್ದರು.

ಕೊನೆಗೆ ಗಾಡಿಯನ್ನು ಬಯಲು ಗದ್ದೆಗೆ ಇಳಿಸಿ, ಮುಂದೆ ಹಿಂದೆ ಯಾರೂ ಇಲ್ಲ ಅಂತ ನೋಡಿ, ಸೀಟಿನಲ್ಲಿ ಕೂತು, ಬ್ರೇಕ್ ತುಳಿದು ಒಂದೊಂದೇ ಪರೀಕ್ಷೆ. ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು ಕೀ: ಸದ್ದಿಲ್ಲ. ಗೇರಿನಲ್ಲಿ ಕ್ಲಚ್ ತುಳಿದು ಕೀ: ಸದ್ದಿಲ್ಲ. ನ್ಯೂಟ್ರಲ್, ಕ್ಲಚ್ ಎರಡೂ ಸರಿ ಇದ್ದಾಗ: ಸ್ಟಾರ್ಟ್. ಮೊದಲೆರಡರಲ್ಲಿ ಏನೂ ಆಗದೇ ಇದ್ದದ್ದನ್ನು ನೋಡಿ ಯಜಮಾನರು "ಮತ್ತೆ ಹಾಳಾಯ್ತಾ?" ಅಂದರು. ಅದೇ ಸರಿ ಅಂತ ಅರ್ಥ ಮಾಡಿಸಲು ಸ್ವಲ್ಪ ಹೊತ್ತು ಬೇಕಾಯಿತು.

ಎರಡನೇ ಸಲದ ಮಜೂರಿ ನಾನು ತಗೊಳ್ಳಲಿಲ್ಲ. ಸ್ವಿಚ್ಚಿನದ್ದೂ ವೈರಿನದ್ದೂ ಮಾತ್ರ ಕೊಟ್ಟರು. ಹಳೇ ಬ್ಯಾಟರಿ ಎಕ್ಸ್‌ಚೇಂಜಿಗೆ ಹೋಗಿಯಾಗಿತ್ತು, ಅದನ್ನು ವಾಪಸ್ ತರುವ ಹಾಗಿಲ್ಲ. ಆ ವಿಷಯ ಬಂದಾಗಲೆಲ್ಲ ಯಜಮಾನರು ಹುಡುಗನನ್ನು ನೋಡುತ್ತಾರೆ, ಹುಡುಗ ತೆಂಗಿನ ಮರ ನೋಡುತ್ತಾನೆ.

ಜನವರಿಯಲ್ಲಿ ಒಂದು ದಿನ ಬೆಳಿಗ್ಗೆ ಆರೂಕಾಲಿಗೆ ಅವನ ಹೆಸರು ಮೊಬೈಲಿನಲ್ಲಿ ಕಂಡಿತು. ಎದೆ ಧಸಕ್ ಅಂತು. ತೆಗೆದರೆ ಹಿಂದಿನಿಂದ ಇಂಜಿನ್ ಸದ್ದು.

"ಅಣ್ಣಾ, ಅಜ್ಜಿ ಬಾಟ್ಲಿ ಇವತ್ತ್ ಕಲ್ಲಾಯ್ತ್. ಗಾಡಿ ಒಂದೇ ಸಲಕ್ಕೆ ಎದ್ದಿತ್."